ಲೂನಾ ದಾಟಿದ ದಿನ

‘ಆಗೋ ಮಾತಲ್ಲ’ ಎಂದು ಮೊದಲು ಹೇಳಿದವನು ನಮ್ಮ ಬಾಬು ಮಾಮಾ, ನನ್ನ ತಾಯಿಯ ಅಣ್ಣ. ಸಿಟ್ಟಿನಿಂದ ಹೇಳಿದ್ದಲ್ಲ. ಈ ವರ್ಷವೂ ಮಳೆ ಬರುವ ಮಾತಲ್ಲ, ಔರಾದದ ಬಸ್ಸು ಹೊತ್ತಿಗೆ ಸರಿಯಾಗಿ ಬರುವ ಮಾತಲ್ಲ ಎಂದು ಹೇಳುವ ದನಿಯಲ್ಲೇ, ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಳ್ಳುತ್ತ ಹೇಳಿದ್ದ: ‘ನಮ್ಮ ಮನ್ಯಾಗ ಯಾರೂ ಹತ್ತನೇತ್ತಾ ದಾಟಿಲ್ಲ. ನೀ ಡಿಗ್ರಿ ಮುಗಿಸ್ತಿ? ಆಗೋ ಮಾತಲ್ಲ ಪೋರಿ.’ ಅದೇ ಮಾತನ್ನು ಎರಡನೆಯದಾಗಿ ಹೇಳಿದವಳು ನಾನೇ. ಆದರೆ ನಾನು ಬಾಯಿಬಿಟ್ಟು ಹೇಳಿರಲಿಲ್ಲ, ಮೂರು ವರ್ಷ ಪ್ರತಿದಿನ ಹೊಟ್ಟೆಯೊಳಗೇ ಹೇಳಿಕೊಂಡಿದ್ದೆ. ಮಾಮಾ ಒಮ್ಮೆ ಹೇಳಿ ಸುಮ್ಮನಾದ. ನಾನು ಸುಮ್ಮನಾಗಲೇ ಇಲ್ಲ.

ಇದೆಲ್ಲ ಮತ್ತೆ ನೆನಪಾಗಲು ಕಾರಣ ಒಂದು ಕಾರು. ನಮ್ಮದಲ್ಲ, ನಮ್ಮಲ್ಲಿ ಕಾರಿಲ್ಲ. ಟಿವಿಯೊಳಗಿನದು.

ನಾನೀಗ ಔರಾದದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮನೆ ಬೀದರಿನಲ್ಲಿ, ಕೋಟೆಯ ಕಡೆ ಹೋಗುವ ಗಲ್ಲಿಯೊಂದರಲ್ಲಿ. ವಾರದಲ್ಲಿ ಆರು ದಿನ ಬಸ್ಸಿನಲ್ಲಿ ಕುಲುಕಿ ಬರುವುದರಿಂದ ಭಾನುವಾರ ಗಾಲಿಯಿರುವ ಯಾವುದನ್ನೂ ನೋಡುವುದು ಬೇಡ ಎನ್ನಿಸುತ್ತದೆ. ಆದರೆ ನಮ್ಮ ಮನೆಯವರಿಗೆ ಕಾರ್ ರೇಸಿನ ಹುಚ್ಚು. ಅವರು ಕಚೇರಿಗೆ ಹೋಗುವುದು ಸೈಕಲ್ ಮೇಲೆ. ಏರಿನಲ್ಲಿಯೂ ಒಂದು ಕೈ ಬ್ರೇಕಿನ ಮೇಲೆಯೇ ಇರುವ ಮನುಷ್ಯ. ಭಾನುವಾರ ಸಂಜೆ ಮಾತ್ರ ಗೋಡೆಗೆ ದಿಂಬು ಹಚ್ಚಿ ಕೂತು, ಯಾವುದೋ ದೇಶದಲ್ಲಿ ಗಾಳಿಯಂತೆ ಕಾರು ಓಡಿಸುತ್ತಿರುವವನಿಗೆ, ‘ಒತ್ತು, ಇನ್ನಾ ಒತ್ತು, ಹಿಂದ ಬಂದಾನ ಅಂವ’ ಎಂದು ಬುದ್ಧಿ ಹೇಳುತ್ತಾರೆ.

ಮೊನ್ನೆಯ ರೇಸಿನಲ್ಲಿ ಇವರ ಮನುಷ್ಯ ಎಲ್ಲರಿಗಿಂತ ಬಹಳ ಮುಂದಿದ್ದ. ಇನ್ನು ಕೆಲವೇ ಸುತ್ತು ಉಳಿದಿದ್ದವು. ಅಷ್ಟರಲ್ಲಿ ಹಿಂದೆಲ್ಲೋ ಒಬ್ಬ ಗೋಡೆಗೆ ಗುದ್ದಿದ. ಕಾರು ಚೂರಾಯಿತು, ಒಳಗಿದ್ದವನು ಕೈ ಜಾಡಿಸಿಕೊಂಡು ಎದ್ದು ಬಂದ. ಆಗ ನೆತ್ತಿಯ ಮೇಲೆ ಹಳದಿ ದೀಪ ಮಿಣುಕಿಸುತ್ತ ಬೇರೊಂದು ಕಾರು ರಸ್ತೆಗಿಳಿಯಿತು. ಅದಕ್ಕೆ ಸೇಫ್ಟಿ ಕಾರು ಎನ್ನುತ್ತಾರಂತೆ. ಅದು ಬಂದ ಮೇಲೆ ಯಾರೂ ಯಾರನ್ನೂ ದಾಟುವಂತಿಲ್ಲ. ಎಂಥ ಜೋರಿನವನೇ ಇರಲಿ, ಅದರ ಬೆನ್ನ ಹಿಂದೆ ಸಾಲುಗಟ್ಟಿ ಮೆಲ್ಲಗೆ ಬರಬೇಕು. ದಾಟಿದರೆ ಶಿಕ್ಷೆ: ಹಿಂದಕ್ಕೆ ಹಾಕುತ್ತಾರೆ, ಇಲ್ಲವೆ ಅವನ ಸಮಯಕ್ಕೆ ಒಂದಿಷ್ಟು ಸೆಕೆಂಡು ಸೇರಿಸುತ್ತಾರೆ. ಇವರ ಮನುಷ್ಯ ಗಳಿಸಿದ್ದ ಅಂತರವೆಲ್ಲ ಆ ಮೆರವಣಿಗೆಯಲ್ಲಿ ಕರಗಿಹೋಯಿತು. ಹಳದಿ ದೀಪ ಬದಿಗೆ ಸರಿದದ್ದೇ ತಡ, ಹಿಂದಿನವನು ಹಾರಿ ಮುಂದಾದ. ಮೂರನೆಯವನೊಬ್ಬ ಅವಸರಪಟ್ಟು ಮೊದಲೇ ದಾಟಿದ್ದನೆಂದು ಐದು ಸೆಕೆಂಡಿನ ಶಿಕ್ಷೆ ಬಿತ್ತು.

ಆಮೇಲೆ ನೋಡಬೇಕಿತ್ತು. ರೇಸು ಮುಗಿದರೂ ನಮ್ಮ ಮನೆಯವರ ರೇಸು ಮುಗಿಯಲಿಲ್ಲ. ಫೋನು ಹಿಡಿದು, ಜಗತ್ತಿನ ಮೂಲೆಮೂಲೆಯ ಅಭಿಮಾನಿಗಳು ಬರೆದದ್ದನ್ನು ನನಗೆ ಓದಿ ಹೇಳತೊಡಗಿದರು. ಆ ದೀಪದ ಕಾರನ್ನು ಬೇಕೆಂದೇ ತಂದರು ಎಂದು ಒಬ್ಬ. ಕಾಯ್ದೆ ಪುಸ್ತಕದಲ್ಲಿ ಹೀಗೇ ಇದೆ, ಅಳುವವರು ಅಳಲಿ ಎಂದು ಇನ್ನೊಬ್ಬ. ಶಿಕ್ಷೆ ಕೊಟ್ಟವರಿಗೇ ಶಿಕ್ಷೆ ಕೊಡಬೇಕು ಎಂದು ಮತ್ತೊಬ್ಬ. ಇನ್ನು ಜನ್ಮದಲ್ಲಿ ರೇಸು ನೋಡುವುದಿಲ್ಲ ಎಂದು ಆಣೆಯಿಟ್ಟವನೊಬ್ಬ ಇದ್ದ. ಹಿಂದಿನ ತಿಂಗಳೂ ಅವನೇ ಆಣೆಯಿಟ್ಟಿದ್ದ ಎಂದು ನಮ್ಮ ಮನೆಯವರು ಅವನನ್ನು ಗುರುತು ಹಿಡಿದರು.

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಆ ಹಳದಿ ದೀಪ, ಅದರ ಹಿಂದೆ ಗುರುಗುಟ್ಟುತ್ತ ತಾಳ್ಮೆ ತಪ್ಪುತ್ತಿರುವ ಗಾಡಿಗಳ ಸಾಲು ಕಂಡದ್ದೇ ನಾನು ಕೈಯಲ್ಲಿದ್ದ ಕೆಲಸ ಬಿಟ್ಟಿದ್ದೆ. ಇವರು ಓದುತ್ತಿದ್ದ ಒಂದೊಂದು ಜಗಳವನ್ನೂ ನಾನು ಮೊದಲೇ ಕೇಳಿದ್ದೆ. ಕೊಡ ಹಿಡಿದ ಹೆಂಗಸರ ಬಾಯಲ್ಲಿ ಕೇಳಿದ್ದೆ. ನಮ್ಮೂರಿನಲ್ಲೂ ಒಂದು ಸೇಫ್ಟಿ ಕಾರು ಇತ್ತು. ಅದಕ್ಕೆ ಎರಡೇ ಗಾಲಿ. ಅದು ಬಾಬು ಮಾಮಾನ ಹಳೆಯ ಲೂನಾ ಮೊಪೆಡ್ಡು.

ನಮ್ಮೂರು ಖಟಕ ಚಿಂಚೋಳಿಯ ಆಚೆಗಿನ ಒಂದು ಸಣ್ಣ ಊರು. ಹೆಸರು ಹೇಳಿದರೆ ಮೇಲಿನ ಓಣಿಯವರು ಇವತ್ತಿಗೂ ಜಗಳಕ್ಕೆ ಬಂದಾರು, ಆದ್ದರಿಂದ ಬಿಟ್ಟಿದ್ದೇನೆ. ಆಗ ಒಂದರ ಮೇಲೊಂದು ಮಳೆಯಿಲ್ಲದ ವರ್ಷಗಳು. ಓಣಿಯಲ್ಲಿ ನಡೆದರೆ ಎರಡು ಮನೆಗೊಂದು ಬೀಗ. ಜನ ಹೈದರಾಬಾದಿಗೆ, ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ನನ್ನ ಅಪ್ಪ ಅವ್ವ ಹೈದರಾಬಾದಿನಲ್ಲಿ ಯಾವುದೋ ದೊಡ್ಡ ಕಟ್ಟಡದ ಬುಡದಲ್ಲಿ ತಗಡಿನ ಗೂಡಿನಲ್ಲಿದ್ದರು. ನಾನು ಭಾಲ್ಕಿಯ ಕಾಲೇಜಿಗೆ ಹೋಗುವ ಸಲುವಾಗಿ ಮಾಮಾನ ಮನೆಯಲ್ಲಿ ಉಳಿದಿದ್ದೆ. 

ಅಂಜಿಕೆ ಎಂಬುದು ಆ ವರ್ಷಗಳಲ್ಲಿ ನನಗೆ ಹಸಿವಿನಂತೆ ಹೊತ್ತುಹೊತ್ತಿಗೆ ಆಗುತ್ತಿತ್ತು. ಮಾಮಾನ ಮನೆಯಲ್ಲಿ ಫೋನಿರಲಿಲ್ಲ. ಪಕ್ಕದ ಮನೆಯವರು ‘ನಿಮಗ ಫೋನ್ ಬಂದಾದ’ ಎಂದು ಕೂಗಿದರೆ, ಅವ್ವ ಯಾವ ಮಾಳಿಗೆಯಿಂದ ಬಿದ್ದಳೋ ಎಂದು ಬರಿಗಾಲಲ್ಲೇ ಓಡುತ್ತಿದ್ದೆ. ಅವ್ವ ಆ ಕಡೆಯಿಂದ ಉಂಡ್ಯಾ ಎಂದು ಕೇಳುತ್ತಿದ್ದಳು, ಅಷ್ಟೆ. ಬಸ್ಸು ತಪ್ಪೀತೆಂಬ ಅಂಜಿಕೆ, ಇಂಗ್ಲಿಷ್ ಪೇಪರಿನ ಅಂಜಿಕೆ, ಇಂಗ್ಲಿಷ್ ಮೇಷ್ಟ್ರು ನನ್ನ ಹೆಸರು ಹಿಡಿದು ಕರೆದಾರೆಂಬ ಅಂಜಿಕೆ. ಎಲ್ಲಕ್ಕಿಂತ ದೊಡ್ಡದು ನೀರಿನ ಟ್ಯಾಂಕರಿನ ಸದ್ದಿನ ಅಂಜಿಕೆ.

ಅದಕ್ಕೆ ಕಾರಣವಿತ್ತು. ಊರಿನ ಬಾವಿ ಬೋರು ಎಲ್ಲ ಬತ್ತಿದ್ದವು. ಮೂರು ಕಿಲೋಮೀಟರ್ ಆಚೆ ಭಾಲ್ಕಿ ರಸ್ತೆ ಕೂಡುವ ಫಾಟಾದ ಹತ್ತಿರ ಒಬ್ಬರ ಹೊಲದ ಬೋರಿನಲ್ಲಿ ಮಾತ್ರ ನೀರಿತ್ತು. ಅದೂ ಬೆಳಿಗ್ಗೆ ಎರಡು ಟ್ಯಾಂಕರ್ ತುಂಬಿದ ಮೇಲೆ ಕೆಮ್ಮಲು ಶುರು ಮಾಡುತ್ತಿತ್ತು. ಮೂರನೆಯದಕ್ಕೆ ಬರುತ್ತಿದ್ದುದು ಕೆಸರು ಕಲಸಿದ ಅರ್ಧ ಟ್ಯಾಂಕರ್. ನಮ್ಮೂರಿನಲ್ಲಿ ಓಣಿಗೊಂದರಂತೆ ಮೂರು ಟ್ರ್ಯಾಕ್ಟರ್ ಟ್ಯಾಂಕರುಗಳು. ಇಷ್ಟು ಹೇಳಿದರೆ ಉಳಿದದ್ದು ನಿಮಗೇ ತಿಳಿಯುತ್ತದೆ. ಬೆಳಕು ಹರಿಯುತ್ತಲೇ ಮೂರೂ ಖಾಲಿ ಟ್ಯಾಂಕರುಗಳು ಆ ಕಚ್ಚಾ ರಸ್ತೆಯಲ್ಲಿ ಧಡಧಡ ಹಾರುತ್ತ ಫಾಟಾದ ಕಡೆ ಓಡುತ್ತಿದ್ದವು. ಓಣಿಯ ಜನ ಊರ ಅಗಸಿಬಾಗಿಲ ಬಳಿ ನಿಂತು ತಮ್ಮ ತಮ್ಮ ಟ್ಯಾಂಕರಿಗೆ ಕೂಗು ಹಾಕುತ್ತಿದ್ದರು. ಆ ಕೂಗಿನಲ್ಲಿ ನನ್ನ ದನಿಯೂ ಇತ್ತು. ಅದನ್ನು ಮುಚ್ಚಿಡುವುದಿಲ್ಲ. ಒಂದು ದಿನ ಹೀಗೆ ಓಡುತ್ತಿದ್ದ ಟ್ಯಾಂಕರೊಂದರ ಹಿಂದಿನ ಗಾಲಿ ನೀಲಮ್ಮತ್ತಿಯ ಕಾಲಿನ ಮೇಲೆ ಹಾಯಿತು. ನೀಲಮ್ಮತ್ತಿ ನಮ್ಮ ಓಣಿಯವಳೇ, ನಮ್ಮ ಮನೆಯಿಂದ ನಾಲ್ಕನೇ ಬಾಗಿಲು. ಅವಳು ಕೂಗಲಿಲ್ಲ. ಆಕೆಯ ಕೊಡ ಉರುಳಿ ಹೋದ ಸದ್ದು ಮಾತ್ರ ನನಗೆ ಇವತ್ತಿಗೂ ಕೇಳಿಸುತ್ತದೆ.

ಆಮೇಲೆ ಹಿರಿಯರು ಕೂತು ಕಾಯ್ದೆ ಮಾಡಿದರು. ಮೂರು ಓಣಿಗೆ ದಿನಕ್ಕೊಬ್ಬರಂತೆ ಪಾಳಿ. ಇವತ್ತು ಮೊದಲು ಹೋದವರು ನಾಳೆ ಕಡೆಗೆ. ಟ್ಯಾಂಕರುಗಳ ಮುಂದೆ ಒಬ್ಬ ಮನುಷ್ಯ ಕೆಂಪು ಬಟ್ಟೆ ಕಟ್ಟಿದ ಗಾಡಿಯಲ್ಲಿ ಮೆಲ್ಲಗೆ ಹೋಗಬೇಕು. ಅವನನ್ನು ಯಾರೂ ದಾಟುವಂತಿಲ್ಲ. ದಾಟಿದ ಟ್ಯಾಂಕರು ಆ ದಿನ ಕಡೆಗೆ ನಿಲ್ಲಬೇಕು, ಪಾಳಿ ಯಾರದೇ ಇರಲಿ. ದಾಟಿದ್ದು ಹೌದೋ ಅಲ್ಲವೋ ಎಂದು ಹೇಳುವ ಅಧಿಕಾರ ಆ ಕೆಂಪು ಬಟ್ಟೆಯವನದು.

ಯಾರು ಆ ಮನುಷ್ಯ ಎಂಬ ಬಗ್ಗೆ ಹೆಚ್ಚು ಚರ್ಚೆಯಾಗಲಿಲ್ಲ. ಊರಿನಲ್ಲೇ ಅತಿ ಅಂಜುಬುರುಕ ಯಾರೆಂದು ಎಲ್ಲರಿಗೂ ಗೊತ್ತಿತ್ತು. ಬಾಬು ಮಾಮಾ ಖಾಲಿ ರಸ್ತೆ ದಾಟುವ ಮೊದಲೂ ಎರಡೂ ಕಡೆ ನೋಡಿ, ಮತ್ತೊಮ್ಮೆ ನೋಡಿ, ಯಾರಾದರೂ ದಾಟಲಿ ಎಂದು ಕಾಯುವವನು. ಲೂನಾ ಓಡಿಸುವಾಗ ಎರಡೂ ಕಾಲು ನೆಲಕ್ಕೆ ತಾಗಿಸಿಕೊಂಡೇ ಇರುತ್ತಿದ್ದ. ಪಕ್ಕದಲ್ಲಿ ಎಮ್ಮೆ ಹೋಗುತ್ತಿದ್ದರೆ ಎಮ್ಮೆ ಮುಂದಾಗುತ್ತಿತ್ತು. ಅವನನ್ನು ನೋಡಿ ಎಲ್ಲರೂ ನಗುತ್ತಿದ್ದರು. ಕಾಯ್ದೆಯಾದ ಮೇಲೆ ನಗು ನಿಂತಿತು. ಅತ್ತಿ, ಅಂದರೆ ಮಾಮಾನ ಹೆಂಡತಿ, ತನ್ನ ಹಳೆಯ ಸೀರೆಯ ಸೆರಗು ಹರಿದು ಕೊಟ್ಟಳು. ಅದನ್ನು ಒಂದು ಕೋಲಿಗೆ ಕಟ್ಟಿ ಲೂನಾದ ಹಿಂದೆ ನೆಟ್ಟುಕೊಂಡು ಮಾಮಾ ಪ್ರತಿ ಬೆಳಿಗ್ಗೆ ಹೊರಡುತ್ತಿದ್ದ. ಹಿಂದೆ ಮೂರು ಟ್ರ್ಯಾಕ್ಟರುಗಳು ಹೊಗೆಯುಗುಳುತ್ತ, ಹಾರ್ನು ಒದರುತ್ತ, ಇರುವೆಯ ಹಿಂದೆ ಆನೆಗಳಂತೆ ಬರುತ್ತಿದ್ದವು. ಆ ಗಾಲಿಗಳಿಗೂ ಮಾಮಾನ ಬೆನ್ನಿಗೂ ನಡುವೆ ಒಂದು ಆಳು ಉದ್ದದ ಜಾಗ. ನಾನು ಅಗಸಿಯಲ್ಲಿ ನಿಂತು ಆ ಬೆನ್ನನ್ನು ನೋಡುತ್ತಿದ್ದೆ. ಒಂದು ದಿನ ಯಾವನಿಗಾದರೂ ಬ್ರೇಕು ತಪ್ಪಿದರೆ ಎಂದು ನೆನೆದು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಈಗ ನನ್ನ ಕತೆಗೆ ಬರುತ್ತೇನೆ. ಬಿ.ಎ.ಯ ಕೊನೆಯ ವರ್ಷ. ಎಲ್ಲ ವಿಷಯ ಮುಗಿದು ಇಂಗ್ಲಿಷ್ ಒಂದೇ ಬಾಕಿಯಿತ್ತು. ಹಿಂದೆ ಒಮ್ಮೆ ನಪಾಸಾಗಿ ಮತ್ತೆ ಬರೆಯಬೇಕಾದ ಪೇಪರು. ಮಾಮಾ ಸ್ಪಷ್ಟವಾಗಿ ಹೇಳಿದ್ದ: ಈ ಸಲ ಆಗದಿದ್ದರೆ ಹೈದರಾಬಾದಿನ ಗಾಡಿ ಹತ್ತಿಸುತ್ತೇನೆ, ಅವ್ವನ ಜೊತೆ ಇಟ್ಟಿಗೆ ಹೊರು. ಅವನು ಹೆದರಿಸಲು ಹೇಳಿದ್ದಲ್ಲ. ಮನೆಯಲ್ಲಿ ಜೋಳದ ಹಿಟ್ಟು ಎಷ್ಟಿದೆ ಎಂದು ನನಗೂ ಕಾಣುತ್ತಿತ್ತು.

ಪರೀಕ್ಷೆ ಹತ್ತು ಗಂಟೆಗೆ, ಭಾಲ್ಕಿಯಲ್ಲಿ. ಫಾಟಾಕ್ಕೆ ಬಸ್ಸು ಬರುವುದು ಎಂಟೂವರೆಗೆ. ಅದು ತಪ್ಪಿದರೆ ಮುಂದಿನದು ಹನ್ನೊಂದಕ್ಕೆ. ಆದ್ದರಿಂದ ನಾನು ಎಲ್ಲ ತಯಾರಿ ಮಾಡಿಕೊಂಡಿದ್ದೆ. ಹಾಲ್ ಟಿಕೆಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗೋಡೆಯ ಮಾಡದ ಮೇಲಿನ ತಾಮ್ರದ ಕೊಡದಲ್ಲಿ ಇಟ್ಟಿದ್ದೆ. ನಮ್ಮ ಮನೆಯಲ್ಲಿ ಇಲಿಗಳು ಬಹಳ, ಗೆದ್ದಲೂ ಬಹಳ. ನೀರೇ ಇಲ್ಲದ ಕಾಲದಲ್ಲಿ ಕಾಗದಕ್ಕೆ ಕೊಡದಷ್ಟು ಭದ್ರವಾದ ಜಾಗ ಇನ್ನಾವುದು? ನನ್ನ ಜಾಣತನದ ಬಗ್ಗೆ ನನಗೇ ಮೆಚ್ಚುಗೆಯಾಗಿತ್ತು.

ಬೆಳಿಗ್ಗೆ ಎದ್ದು ನೋಡಿದರೆ ಮಾಡದ ಮೇಲೆ ಕೊಡವಿಲ್ಲ.

ನಮ್ಮ ಓಣಿಯಲ್ಲಿ ಒಂದು ಪದ್ಧತಿ. ಟ್ಯಾಂಕರು ನಿಲ್ಲುವ ಬೇವಿನ ಮರದ ಕೆಳಗೆ ಹಿಂದಿನ ಸಂಜೆಯೇ ಎಲ್ಲರೂ ತಮ್ಮ ಕೊಡಗಳನ್ನು ಸಾಲಾಗಿ ಇಟ್ಟು ಬರುತ್ತಿದ್ದರು. ಮನುಷ್ಯರ ಬದಲು ಕೊಡಗಳೇ ಪಾಳಿ ಹಿಡಿಯುವುದು. ಅತ್ತಿ ಆ ಸಂಜೆ ಇದ್ದ ಕೊಡಗಳು ಸಾಲವೆಂದು ಮಾಡದ ಮೇಲಿನದನ್ನೂ ಒಯ್ದು ಸಾಲಿಗೆ ಇಟ್ಟಿದ್ದಳು. ಒಳಗೆ ನೋಡುವುದೇಕೆ, ಖಾಲಿ ಕೊಡ. ನಾನು ಬೇವಿನ ಮರಕ್ಕೆ ಓಡಿದೆ. ಅಲ್ಲಿ ಕೊಡಗಳ ಸಂತೆ. ಅರ್ಧಕ್ಕರ್ಧ ತಾಮ್ರದವೇ, ಎಲ್ಲವೂ ಒಂದೇ ಹೊಟ್ಟೆಯವು. ಒಂದೊಂದನ್ನೇ ಎತ್ತಿ ಅಲುಗಿಸಿ ಕಿವಿಗೊಟ್ಟೆ. ಕೊಡಗಳ ಸಾಲು ಕೆಡುತ್ತಿದೆ ಎಂದು ಅಲ್ಲಿದ್ದ ಹೆಂಗಸರು ಬೈದರು. ಪರೀಕ್ಷೆ ಎಂದೆ. ಕೊಡದೊಳಗೆ ಎಂಥ ಪರೀಕ್ಷೆ ಎಂದು ನಕ್ಕರು. ಕಡೆಗೆ ಒಂದು ಕೊಡ ಖರ್ ಎಂದು ಸದ್ದು ಮಾಡಿತು. ಕೈ ಹಾಕಿ ಟಿಕೆಟ್ಟು ತೆಗೆಯುವಾಗ ಮೊಣಕೈ ತರಚಿ ರಕ್ತ ಬಂತು.

ಅಷ್ಟರಲ್ಲಿ ಎಂಟು ಹೊಡೆದು ಹೋಗಿತ್ತು. ನಡೆದರೆ ಮುಕ್ಕಾಲು ಗಂಟೆ. ಓಡಿದರೂ ಬಸ್ಸು ಸಿಗುವ ಭರವಸೆಯಿರಲಿಲ್ಲ. ಅಂದು ಮೊದಲ ಪಾಳಿ ನಮ್ಮ ಕೆಳಗಿನ ಓಣಿಯದು, ಡೀಸೆಲ್ಲು ಬರುವುದು ತಡವಾಗಿ ಮೂರೂ ಟ್ಯಾಂಕರುಗಳು ಆಗಷ್ಟೇ ಹೊರಟಿದ್ದವು. ನಮ್ಮ ಟ್ರ್ಯಾಕ್ಟರಿನ ಡ್ರೈವರ್ ಗುಂಡಣ್ಣ ನನ್ನ ಮುಖ ನೋಡಿ ಏನೂ ಕೇಳದೆ ಮಡ್‌ಗಾರ್ಡಿನ ಮೇಲೆ ಹತ್ತಿಸಿಕೊಂಡ. ಮುಂದೆ ಲೂನಾ. ಲೂನಾದ ಮುಂದೆ ಖಾಲಿ ರಸ್ತೆ. ಹಿಂದೆ ಮೇಲಿನ ಓಣಿಯ ಟ್ಯಾಂಕರು, ಅದರ ಹಿಂದೆ ಇನ್ನೊಂದು.

ಆ ವೇಗವನ್ನು ಏನೆಂದು ವರ್ಣಿಸಲಿ? ಬದಿಯಲ್ಲಿ ಹೋಗುತ್ತಿದ್ದ ಕುರಿಗಳು ನನ್ನನ್ನು ಕನಿಕರದಿಂದ ನೋಡಿದವು. ನಾನು ಗಡಿಯಾರ ನೋಡುತ್ತ, ಮಾಮಾನ ಬೆನ್ನು ನೋಡುತ್ತ, ಮತ್ತೆ ಗಡಿಯಾರ ನೋಡುತ್ತ ಕೂತಿದ್ದೆ. ಎಂಟೂ ಹತ್ತು. ಎಂಟೂ ಹದಿನೈದು. ಅರ್ಧ ದಾರಿಯೂ ಆಗಿರಲಿಲ್ಲ. ಕೂಗಿದೆ: ‘ಮಾಮಾ, ಬಸ್ ಹೋಗ್ತದ. ದಾರಿ ಬಿಡು.’ ಮಾಮಾ ತಿರುಗಿ ನೋಡಲಿಲ್ಲ. ಕೆಂಪು ಬಟ್ಟೆ ಹಾಗೇ ಪಟಪಟಿಸುತ್ತಿತ್ತು. ಮತ್ತೊಮ್ಮೆ ಕೂಗಿದೆ. ಅವನ ಭುಜ ಸ್ವಲ್ಪ ಕುಗ್ಗಿತು, ಅಷ್ಟೆ. ಕೇಳಿಸಿದೆ, ಬೇಕೆಂದೇ ಬಿಡುತ್ತಿಲ್ಲ ಎಂದುಕೊಂಡೆ. ಆಗೋ ಮಾತಲ್ಲ ಎಂದವನು ಅದು ಆಗದಂತೆ ನೋಡಿಕೊಳ್ಳುತ್ತಿದ್ದಾನೆ ಎಂದೂ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ದಾರಿಯ ನಡುವೆ ಒಂದು ನಾಲೆ, ನಾಲೆಗೊಂದು ಮೋರಿ. ಮೋರಿ ಬಹಳ ಕಿರಿದು. ಅದನ್ನು ದಾಟಿದ ಮೇಲೂ ಅಷ್ಟು ದೂರದವರೆಗೆ ರಸ್ತೆಯ ಎರಡೂ ಬದಿಗೆ ಆಳೆತ್ತರದ ಜಾಲಿ. ಅಲ್ಲಿ ಟ್ರ್ಯಾಕ್ಟರೊಂದು ಹೋಗುತ್ತಿದ್ದರೆ ಸೈಕಲ್ಲಿಗೂ ಜಾಗವಿಲ್ಲ. ಲೂನಾ ಮೋರಿ ದಾಟಿತು. ನಾವೂ ದಾಟಿದೆವು. ಗುಂಡಣ್ಣ ಮುಂದೆ ಬಾಗಿ ಏನನ್ನೋ ನೋಡಿದ. ‘ಕಣ್ ಮುಚ್ಚು ತಂಗಿ’ ಎಂದ. ಟ್ರ್ಯಾಕ್ಟರು ಹೂಂಕರಿಸಿ ನೆಗೆಯಿತು. ಹಿಂದೆ ಟ್ಯಾಂಕರು ಎಡಕ್ಕೂ ಬಲಕ್ಕೂ ಹೊಯ್ದಾಡಿತು. ಎಲ್ಲೋ ಕೊಂಬೆಗಳು ಲಟಲಟ ಮುರಿದ ಸದ್ದು. ಕಣ್ಣು ತೆಗೆದು ಹಿಂದೆ ನೋಡಿದರೆ ಬರೀ ಧೂಳು. ಧೂಳಿನೊಳಗೆ ಜಾಲಿಯ ಮೇಲೆ ಕೆಂಪು ಬಟ್ಟೆ ಸಿಕ್ಕಿಕೊಂಡು ನೇತಾಡುತ್ತಿತ್ತು. ಲೂನಾ ಕಾಣಲಿಲ್ಲ. ಮಾಮಾ ಕಾಣಲಿಲ್ಲ.

‘ಗುಂಡಣ್ಣ, ನಿಲ್ಸು.’

‘ಏನೂ ಆಗಿಲ್ಲ. ನೀ ಮುಂದ ನೋಡು.’

ನಾನು ಇನ್ನೊಮ್ಮೆ ನಿಲ್ಲಿಸು ಎನ್ನಲಿಲ್ಲ. ನನ್ನ ಅಂಜಿಕೆಗಳ ಲೆಕ್ಕದಲ್ಲಿ ಇದೊಂದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ನಿಲ್ಲಿಸು ಎಂದರೆ ಗುಂಡಣ್ಣ ನಿಲ್ಲಿಸಿಯಾನು ಎಂಬ ಅಂಜಿಕೆ.

ಬಸ್ಸು ಫಾಟಾದಿಂದ ಆಗಲೇ ಚಲಿಸುತ್ತಿತ್ತು. ಗುಂಡಣ್ಣ ಹಾರ್ನು ಹಿಡಿದವನು ಬಿಡಲೇ ಇಲ್ಲ. ಕಂಡಕ್ಟರನೇ ಕೈ ಕೊಟ್ಟು ಎಳೆದುಕೊಂಡ. ಹತ್ತಕ್ಕೆ ಐದು ನಿಮಿಷವಿರುವಾಗ ನನ್ನ ಜಾಗದಲ್ಲಿ ಕೂತೆ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಇಂಗ್ಲಿಷ್ ಅಕ್ಷರಗಳೆಲ್ಲ ಇನ್ನೂ ಮಡ್‌ಗಾರ್ಡಿನ ಮೇಲೆಯೇ ಕೂತಂತೆ ಅಲುಗುತ್ತಿದ್ದವು. ಮೂರು ಗಂಟೆ ಬರೆದೆ. ಏನು ಬರೆದೆ ನೆನಪಿಲ್ಲ. ಪ್ರತಿ ಹಾಳೆ ತಿರುಗಿಸುವಾಗಲೂ ಆ ಕೆಂಪು ಬಟ್ಟೆ ಕಾಣುತ್ತಿತ್ತು. ನಾನು ಒಬ್ಬ ಮನುಷ್ಯನ ಮೇಲೆ ಟ್ರ್ಯಾಕ್ಟರು ಹಾಯಿಸಿ ಬಂದು ವ್ಯಾಕರಣದ ಬಿಟ್ಟ ಸ್ಥಳ ತುಂಬುತ್ತಿದ್ದೇನೆಯೇ ಎಂದು ಕೇಳಿಕೊಳ್ಳುತ್ತಿದ್ದೆ.

ಮಧ್ಯಾಹ್ನ ಫಾಟಾದಲ್ಲಿ ಇಳಿದು ಊರಿಗೆ ನಡೆದೆ. ಮೋರಿಯ ಬಳಿ ಬಂದು ನಿಂತೆ. ಬಗ್ಗಿ ನೋಡಿದೆ. ಲೂನಾದ ಗಾಲಿಯ ಗುರುತು ರಸ್ತೆ ಬಿಟ್ಟು ಜಾಲಿಯೊಳಗೆ ಇಳಿದಿತ್ತು. ರಕ್ತವಿರಲಿಲ್ಲ. ಬಟ್ಟೆಯನ್ನೂ ಯಾರೋ ಬಿಡಿಸಿಕೊಂಡು ಹೋಗಿದ್ದರು.

ಮಾಮಾ ಅಂಗಳದಲ್ಲಿ ಕೂತಿದ್ದ. ಮೈಕೈಯೆಲ್ಲ ತರಚಿತ್ತು. ಲೂನಾವನ್ನು ಮಲಗಿಸಿ ಟ್ಯೂಬು ಹೊರಗೆಳೆದು ಪಂಕ್ಚರು ಹುಡುಕುತ್ತಿದ್ದ. ಟ್ಯೂಬು ಮುಳುಗಿಸಿ ನೋಡಲು ಬಕೆಟ್ಟಿನಲ್ಲಿ ನೀರಿಲ್ಲದ್ದರಿಂದ ಬೆರಳಿಗೆ ಎಂಜಲು ಹಚ್ಚಿಕೊಂಡು ಟ್ಯೂಬಿನ ಮೇಲೆ ಸವರಿ ಗುಳ್ಳೆ ಏಳುತ್ತದೆಯೋ ಎಂದು ನೋಡುತ್ತಿದ್ದ. ಪಕ್ಕದ ಕಲ್ಲಿನ ಮೇಲೆ ಕಿತ್ತಿಟ್ಟ ಜಾಲಿಮುಳ್ಳುಗಳು.

‘ಬರದ್ಯಾ?’ ಎಂದ.

‘ಬರ್ದೆ ಮಾಮಾ.’

ಮತ್ತೆ ಟ್ಯೂಬಿಗೆ ಬಗ್ಗಿದ. ನಾನು ಒಳಗೆ ಹೋಗಿ ಅತ್ತಿಯನ್ನು ಕೇಳಿದೆ. ಅತ್ತಿ ಹೇಳಿದ್ದಿಷ್ಟು: ಮಾಮಾ ಲೂನಾ ತಳ್ಳಿಕೊಂಡೇ ಬೋರಿನ ತನಕ ಹೋಗಿದ್ದಾನೆ. ಉಳಿದ ಎರಡೂ ಟ್ಯಾಂಕರು ಅವನ ಹಿಂದೆ ಹೆಜ್ಜೆಹೆಜ್ಜೆಗೆ ನಿಂತು ಬಂದಿವೆ. ಅಲ್ಲಿ ಎಲ್ಲರೆದುರು ನಿಂತು, ಕೆಳಗಿನ ಓಣಿಯ ಟ್ಯಾಂಕರು ಲೂನಾ ದಾಟಿದೆ, ಇವತ್ತು ಕಡೆಗೆ ಎಂದು ಹೇಳಿದ್ದಾನೆ. ಗುಂಡಣ್ಣ ಎದುರಾಡದೆ ಪೈಪು ಬಿಟ್ಟುಕೊಟ್ಟಿದ್ದಾನೆ. ನಮ್ಮ ಓಣಿಗೆ ಅಂದು ಬಂದದ್ದು ಅರ್ಧ ಟ್ಯಾಂಕರು ಕೆಸರು ನೀರು. ಅದರಲ್ಲೂ ನಮ್ಮ ಕೊಡಗಳನ್ನು ಸಾಲಿನಿಂದ ತೆಗೆಯಲು ಮಾಮಾ ಹೇಳಿದನಂತೆ. ಅಂದು ನಮ್ಮ ಮನೆಗೆ ಒಂದು ತಂಬಿಗೆಯೂ ಬರಲಿಲ್ಲ.

ಬೇವಿನ ಮರದ ಕೆಳಗೆ ನಡೆದ ಜಗಳದ ಮುಂದೆ ನಮ್ಮ ಮನೆಯವರ ಫೋನಿನ ಜಗಳ ಏನೂ ಅಲ್ಲ. ನಮ್ಮ ಓಣಿಯ ವಾದ ಗಟ್ಟಿಯಾಗಿಯೇ ಇತ್ತು: ಮೊದಲ ಪಾಳಿ ನಮ್ಮದೇ, ನಾವು ಯಾರ ಪಾಳಿ ಕಸಿದಿಲ್ಲ, ದಾಟಿದ್ದು ಖಾಲಿ ಲೂನಾವನ್ನು, ಅದಕ್ಕೇನು ನೀರು ಬೇಕಿತ್ತೇ? ಮೇಲಿನ ಓಣಿಯವರು, ಇವತ್ತು ಪರೀಕ್ಷೆ ಎಂದು ಬಿಟ್ಟರೆ ನಾಳೆ ಮದುವೆ, ನಾಡಿದ್ದು ಹೆರಿಗೆ, ಆಮೇಲೆ ಕಾಯ್ದೆ ಯಾಕೆ ಎಂದರು. ಮಾಮಾ ಸೋದರಸೊಸೆಯೆಂದು ಬಿಡಬೇಕಿತ್ತು ಎಂದು ಕೆಲವರು, ಸೊಸೆಯೆಂದೇ ಮೊದಲು ಬಿಟ್ಟಿರಬೇಕು ಎಂದು ಕೆಲವರು. ಇನ್ನು ಬಾಬುರಾಯನ ಹಿಂದೆ ಟ್ಯಾಂಕರು ಕಳಿಸುವುದಿಲ್ಲ ಎಂದು ಆಣೆಯಿಟ್ಟವರೂ ಇದ್ದರು. ಮರುದಿನ ಕಳಿಸಿದರು.

ನಾನು ಅಂಜಿದ್ದು ಇವರಿಗಲ್ಲ, ನೀಲಮ್ಮತ್ತಿಗೆ. ಕಾಲು ಮುರಿದುಕೊಂಡವಳು. ಯಾರ ಸಲುವಾಗಿ ಆ ಕಾಯ್ದೆ ಆಯಿತೋ ಅವಳು. ಅವಳು ಕೋಲೂರಿಕೊಂಡು ಬಂದು ನನ್ನ ಮುಂದೆ ನಿಂತಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

‘ನಮ್ಮ ಓಣಿ ಅರ್ಧ ಟ್ಯಾಂಕರ್ ನೀರ ಮ್ಯಾಲ ನೀ ಪರೀಕ್ಷಾ ಬರ್ದಿ’ ಎಂದಳು. ‘ನಪಾಸಾದ್ರ ಆ ನೀರ ನೀನಾ ತಂದು ಹಾಕಬೇಕು ನೋಡು. ನಿನ್ನ ತಲಿ ಮ್ಯಾಲ ಹೊತ್ತು.’

ಆ ಮೂರು ತಿಂಗಳು ಹೇಗೆ ಕಳೆದೆನೋ ಹೇಳಲಾರೆ. ನೀರು ಹಿಡಿಯಲು ಹೋದರೆ ಯಾರಾದರೊಬ್ಬರು ರಿಜಲ್ಟ್ ಯಾವಾಗ ಎಂದು ಕೇಳುತ್ತಿದ್ದರು. ಪ್ರೀತಿಯಿಂದ ಕೇಳುತ್ತಿದ್ದರೋ ಲೆಕ್ಕ ಕೇಳುತ್ತಿದ್ದರೋ ತಿಳಿಯುತ್ತಿರಲಿಲ್ಲ. ಅಂದು ಮಕ್ಕಳಿಗೆ ಬಟ್ಟೆಯಲ್ಲಿ ಸೋಸಿ ಕುಡಿಸಿದ ಕೆಸರು ನೀರಿನ ಮಾತು ಬಂದಾಗ ನಾನು ಕೊಡ ಬಿಟ್ಟು ಮನೆಗೆ ಬರುತ್ತಿದ್ದೆ. ನಪಾಸಾದರೆ ಹೈದರಾಬಾದಿಗೆ ಹೋಗುವ ಭಯ ಈಗ ಸಣ್ಣದಾಗಿತ್ತು. ಇಟ್ಟಿಗೆ ಹೊತ್ತಾದರೂ ಬದುಕಬಹುದು. ಆದರೆ ಒಂದು ಓಣಿಯ ಬಾಯಾರಿಕೆಯನ್ನು ಸುಮ್ಮಸುಮ್ಮನೆ ಹಾಳು ಮಾಡಿದವಳು ಎನ್ನಿಸಿಕೊಂಡು ಹೇಗೆ ಇರುವುದು? ಮಾಮಾನ ಮುಖ ನೋಡಲೂ ಧೈರ್ಯವಿರಲಿಲ್ಲ. ಅವನನ್ನು ಮುಳ್ಳಿಗೆ ತಳ್ಳಿ ಹೋದೆನೆಂಬ ಅಳುಕು ಒಂದು ಕಡೆ, ನಮ್ಮನ್ನು ಕಡೆಗೆ ಹಾಕಿದನೆಂಬ ಸಿಟ್ಟು ಒಂದು ಕಡೆ. ಎರಡನ್ನೂ ಇಟ್ಟುಕೊಂಡು ಅವನ ಜೊತೆ ಒಂದೇ ತಾಟಿನಿಂದ ರೊಟ್ಟಿ ಮುರಿಯುತ್ತಿದ್ದೆ.

ಭಾಲ್ಕಿಯ ಇಂಟರ್‌ನೆಟ್ ಅಂಗಡಿಯಲ್ಲಿ ರಿಜಲ್ಟ್ ನೋಡಿದ ದಿನ ಅಂಗಡಿಯವನು ನಂಬರು ಒತ್ತುವಾಗ ನಾನು ಗೋಡೆಯ ಕಡೆ ತಿರುಗಿ ನಿಂತಿದ್ದೆ. ಪಾಸಾಗಿದ್ದೆ. ಇಂಗ್ಲಿಷಿನಲ್ಲಿ ಬೇಕಾದ್ದಕ್ಕಿಂತ ಎರಡೇ ಅಂಕ ಹೆಚ್ಚು. ಆ ಎರಡು ಅಂಕಗಳನ್ನು ನಾನು ಈಗಲೂ ನನ್ನವೆಂದು ತಿಳಿಯುವುದಿಲ್ಲ. ಊರಿಗೆ ಬಂದು ಮೊದಲು ನೀಲಮ್ಮತ್ತಿಯ ಬಾಗಿಲಿಗೆ ಹೋದೆ. ಆಕೆ ಕೇಳಿಸಿಕೊಂಡು, ‘ಆತು, ನೀರ ಮುಟ್ಟಿತು’ ಎಂದು ಒಳಗೆ ಹೋಗಿ ಒಂದು ಹಿಡಿ ಸಕ್ಕರೆ ತಂದು ಬಾಯಿಗೆ ಹಾಕಿದಳು. ಆಗ ನನಗೆ ಅಳು ಬಂತು, ಅಲ್ಲಿಯವರೆಗೆ ಬಂದಿರಲಿಲ್ಲ.

ಸರ್ಟಿಫಿಕೇಟು ಕೈಗೆ ಬರುವ ಹೊತ್ತಿಗೆ ಮುಂದಿನ ವರ್ಷದ ಮಳೆ ಬಿದ್ದಿತ್ತು. ಕಾಲೇಜಿನ ಕಿಟಕಿಯಲ್ಲಿ ಸಹಿ ಮಾಡಿಸಿಕೊಂಡು ಕೊಟ್ಟರು. ನಾನು ಅದನ್ನು ಎದೆಗೊತ್ತಿಕೊಂಡು ಬಸ್ಸಿನಲ್ಲಿ ಬಂದೆ. ಫಾಟಾದಿಂದ ನಡೆದುಕೊಂಡು ಬರುವಾಗ ಮೋರಿಯ ಕೆಳಗೆ ನೀರು ಹರಿಯುತ್ತಿತ್ತು. ಟ್ಯಾಂಕರುಗಳು ನಿಂತಿದ್ದವು. ಲೂನಾ ಅಂಗಳದ ಮೂಲೆಯಲ್ಲಿ ಗೋಡೆಗೆ ಒರಗಿತ್ತು. ಕೆಂಪು ಬಟ್ಟೆಯ ಕೋಲನ್ನು ಅತ್ತಿ ಬದನೆ ಗಿಡಗಳಿಗೆ ಹಕ್ಕಿ ಬಾರದಂತೆ ನೆಟ್ಟಿದ್ದಳು.

ಮಾಮಾ ಕೈ ತೊಳೆದು, ಧೋತರಕ್ಕೆ ಒರೆಸಿ, ಸಾಲದೆಂದು ಮತ್ತೊಮ್ಮೆ ಒರೆಸಿ ಕೈ ಚಾಚಿದ. ನಾನು ಸರ್ಟಿಫಿಕೇಟನ್ನು ಅವನ ಕೈಯಲ್ಲಿಟ್ಟೆ. ಅವನು ನಾಲ್ಕನೇ ಕ್ಲಾಸು ಓದಿದವನು. ನನ್ನ ಹೆಸರನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ. ಆಮೇಲೆ ಅಪ್ಪನ ಹೆಸರು.

‘ಇದನ್ನ ಕೊಡದಾಗ ಇಡಬ್ಯಾಡ’ ಎಂದ.

ನನಗೆ ಅಂದೇ ಕೇಳಬೇಕೆನ್ನಿಸಿತು. ‘ಮಾಮಾ, ಅವತ್ತ ನಿನ್ನ ಮುಳ್ಳಿಗಿ ತಳ್ಳಿ ಹೋದೇವಿ. ನನ್ನ ಮ್ಯಾಲ ಸಿಟ್ಟಿಲ್ಲೇನು?’

ಮಾಮಾ ಕಾಗದದಿಂದ ಕಣ್ಣೆತ್ತಲಿಲ್ಲ. ‘ಅಲ್ಲಿ ಟ್ರ್ಯಾಕ್ಟರ್ ದಾಟ್ಲಿಕ್ಕಿ ಜಾಗಾ ಎಲ್ಲಿ ಅದ ಪೋರಿ? ಯಾರ ತಳ್ಳಿದ್ರು? ನಾನಾ ಮುದ್ದಾಂ, ಬೇಕಂತ, ಲೂನಾ ಜಾಲ್ಯಾಗ ಇಳಿಸ್ದೆ.’

ಹಾಗಾದರೆ ನಮ್ಮ ಟ್ಯಾಂಕರನ್ನು ಕಡೆಗೆ ಯಾಕೆ ನಿಲ್ಲಿಸಿದೆ ಎಂದು ಕೇಳಿದೆ.

ಅವನು ಸರ್ಟಿಫಿಕೇಟನ್ನು ಮಡಚದೆ, ಎರಡೂ ಕೈಯಲ್ಲಿ ಹಿಡಿದು, ನನಗೆ ತಿರುಗಿ ಕೊಟ್ಟ.

‘ದಾರಿ ಬಿಟ್ಟಾಂವ ನಿನ್ನ ಮಾಮಾ. ಕಡಿಗಿ ನಿಲ್ಸಿದಾಂವ ಕೆಂಪು ಬಟ್ಟಿ ಹಿಡ್ದಾಂವ. ಅಂಜಿಕಿ ಇಬ್ಬರಿಗೂ ಇತ್ತು.’